ವ್ಯಾನಾಗಿ ಹೋದ ಹಸು

ವ್ಯಾನನ್ನು ಎರಡು ತುಂಡು ಮಾಡಿದ ವಾರ ಅತ್ತೆ ಊರಲ್ಲಿರಲಿಲ್ಲ. ಇದ್ದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ. ಅದು ಮಾವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅದೇ ವಾರವನ್ನು ಆರಿಸಿಕೊಂಡರು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅತ್ತೆಯ ಅಕ್ಕ ತೀರಿಕೊಂಡಿದ್ದರು. ಅತ್ತೆ ತಲೆಗೆ ಕಪ್ಪು ಬಟ್ಟೆ ಬಿಗಿದು, ಸಾವಿನ ಮನೆಗೆಂದು ಒಂದು ಚೀಲ ಜೋಳದ ಹಿಟ್ಟು ಹೊತ್ತು, ತವರೂರು ಬುಹೇರಾದ ಬಸ್ಸು ಹತ್ತಿದ್ದರು. ಬಸ್ಸು ತಿರುವು ದಾಟಿದ್ದೇ ತಡ, ಮಾವ ಅಳಿಯನಿಗೆ ಹೇಳಿ ಕಳಿಸಿದರು.

ನಮ್ಮದು ಮುಟೊಕೊ. ಇಲ್ಲಿ ಟೊಮೇಟೊ ಬೆಳೆಯದವನು ಒಂದೋ ಮೇಷ್ಟ್ರು, ಇಲ್ಲವೇ ಸೋಮಾರಿ. ಬೆಳೆಯುವುದು ಕಷ್ಟವಲ್ಲ, ಹರಾರೆಯ ಎಂಬಾರೆ ಮಾರುಕಟ್ಟೆಗೆ ಮುಟ್ಟಿಸುವುದು ಕಷ್ಟ. ಲಾರಿಯವರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಪೆಟ್ಟಿಗೆಗಳು ರಸ್ತೆ ಬದಿಯಲ್ಲಿ ಬಿಸಿಲಿಗೆ ಬೆಂದು ಕೊನೆಗೆ ನೊಣಗಳ ಪಾಲಾಗುತ್ತವೆ. ನನ್ನ ಗಂಡ ತಫಾರಾನಿಗೆ ಇದನ್ನು ನೋಡಿ ನೋಡಿ ತಲೆ ಕೆಟ್ಟಿತ್ತು. ಮನೆಯ ಹಿಂದೆ, ಕಣಜದ ಪಕ್ಕದಲ್ಲಿ, ಮಾವನ ಹಳೆಯ ವ್ಯಾನು ನಿಂತಿತ್ತು. ಒಂದು ಕಾಲದಲ್ಲಿ ಮಾವ ಅದರಲ್ಲಿ ಜನರನ್ನು ಕುರಿಗಳಂತೆ ತುಂಬಿಕೊಂಡು ಹರಾರೆಗೆ ಓಡಿಸುತ್ತಿದ್ದರು. ಎಂಜಿನ್ ಸತ್ತ ಮೇಲೆ ಅದರ ಸೀಟುಗಳ ಮೇಲೆ ನನ್ನ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಮುಂಭಾಗವನ್ನು ಕೊಯ್ದು ತೆಗೆದು, ಹಿಂದಿನ ಚಕ್ರಗಳ ಮೇಲಿರುವ ಅರ್ಧವನ್ನು ಟ್ರೇಲರ್ ಮಾಡಿ, ಭಾವನ ಪಿಕಪ್‌ಗೆ ಕಟ್ಟಿದರೆ ಲಾರಿಯವರ ಮುಖ ನೋಡುವ ಗತಿಯೇ ಬರುವುದಿಲ್ಲ ಎಂದು ತಫಾರಾ ಯೋಚಿಸಿದ. ಯೋಚನೆ ಸರಿಯಾಗಿಯೇ ಇತ್ತು.

ಭಾವ ಎಂದರೆ ತಫಾರಾನ ಅಕ್ಕ ಶುವಾಯಿಯ ಗಂಡ ಮುಸೆಕಿವಾ. ಅಂಗಡಿ ಸಾಲಿನ ಹಿಂದೆ ಅವನದೊಂದು ವೆಲ್ಡಿಂಗ್ ಶೆಡ್ಡು. ನಮ್ಮ ಮನೆಗೆ ಅಳಿಯನಾದ ಮೇಲೆ ಗೇಟು, ನೇಗಿಲು, ಕಾಲು ಮುರಿದ ಕುರ್ಚಿ, ಏನೇ ಇದ್ದರೂ ಅವನೇ ಬಂದು ಸರಿ ಮಾಡಬೇಕು, ಕೂಲಿ ಕೇಳಬಾರದು. ಅವನು ಬಂದ, ಮಾವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅಂಗೈ ತಟ್ಟಿ ವಂದಿಸಿದ, ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಹಾಕಿದ.

"ಮಾವಾ, ಕೊಯ್ಯೋಕೆ ಮುಂಚೆ ಇನ್ಯಾರನ್ನಾದ್ರೂ ಕೇಳ್ಬೇಕಾ?"

"ಯಾರನ್ನಪ್ಪಾ ಕೇಳೋದು? ಸ್ಟೇರಿಂಗ್ ಹಿಡಿದೋನು ನಾನು. ಕೊಯ್ಯಿ ಅಂದ್ರೆ ಕೊಯ್ಯಿ."

ಅತ್ತೆ ಮನೆಯಲ್ಲೇ ಇದ್ದಿದ್ದರೂ ಮುಸೆಕಿವಾ ಅವರನ್ನು ಕೇಳುವ ಹಾಗಿರಲಿಲ್ಲ. ನಮ್ಮಲ್ಲಿ ಅಳಿಯನಾದವನು ಹೆಣ್ಣು ಕೊಟ್ಟ ಅತ್ತೆಯೊಡನೆ ಎದುರೆದುರು ಮಾತಾಡುವುದಿಲ್ಲ. ಅವರು ಬರುವ ದಾರಿ ಬಿಟ್ಟು ಸರಿಯಬೇಕು, ಅವರು ಕೂತ ಜಾಗದ ಹತ್ತಿರ ಸುಳಿಯಬಾರದು. ಹೇಳುವುದೇನಾದರೂ ಇದ್ದರೆ ಸೊಸೆಯಾದ ನನ್ನ ಬಾಯಲ್ಲಿ ಹೇಳಿಸಬೇಕು. ನಾನು ಇಬ್ಬರ ನಡುವಿನ ಟೆಲಿಫೋನು.

ಕೆಲಸ ಮೂರ್ನಾಲ್ಕು ದಿನ ನಡೆಯಿತು. ಜನರೇಟರ್ ಗುರ್ ಎನ್ನುತ್ತಿತ್ತು, ಕಬ್ಬಿಣ ಕೊಯ್ಯುವ ಮಷೀನಿನಿಂದ ಕಿಡಿ ಹಾರಿ ನನ್ನ ಕೋಳಿಗಳು ಮೂರು ಮನೆಯಾಚೆ ಓಡಿಹೋದವು. ಡ್ರೈವರ್ ಸೀಟಿನ ಹಿಂದೆ ಗೆರೆ ಎಳೆದು ವ್ಯಾನನ್ನು ಕೊಯ್ದರು. ಮುಂಭಾಗ ಧೊಪ್ಪನೆ ಮೂಗಡಿಯಾಗಿ ಬಿತ್ತು. ಉಳಿದ ಅರ್ಧದ ಮಾಡು ತೆಗೆದು, ಪಕ್ಕಗಳಿಗೆ ಜಾಲರಿ ಹಾಕಿ, ಮುಂದಕ್ಕೆ ಎರಡು ಕಬ್ಬಿಣದ ತೊಲೆಗಳನ್ನು ಒಂದೆಡೆ ಕೂಡಿಸಿ ಎಳೆಯುವ ಮೂತಿ ಮಾಡಿದರು. ಮೊದಲ ಸಲ ಪಿಕಪ್‌ಗೆ ಕಟ್ಟಿ ಎಳೆದಾಗ ಅದು ಕುಡುಕನಂತೆ ಅತ್ತಿತ್ತ ತೂಗಾಡಿ ಬೇಲಿಯನ್ನು ಕಿತ್ತುಕೊಂಡು ಬಂತು. ಭಾರ ಹಿಂದಕ್ಕೆ ಹೋದರೆ ಬಾಲ ಅಲ್ಲಾಡುತ್ತದೆ, ಮೂತಿಯ ಕಡೆ ಹೆಚ್ಚು ಹೇರಬೇಕು ಎಂದು ಮುಸೆಕಿವಾ ಕಲ್ಲು ತುಂಬಿ ತೋರಿಸಿದ. ಮೂವರು ಗಂಡಸರೂ ಅದರ ಸುತ್ತ ನಿಂತು ಬಿಯರ್ ಕುಡಿದರು. ನಾನೂ ಖುಷಿಯಲ್ಲೇ ಇದ್ದೆ. ಆ ಟೊಮೇಟೊಗೆ ನೀರು ಹೊತ್ತವಳು ನಾನಲ್ಲವೇ?

ಅತ್ತೆ ಮರುದಿನ ಸಂಜೆಯ ಬಸ್ಸಿಗೆ ಬಂದರು. ತಲೆಯ ಮೇಲಿನ ಗಂಟನ್ನು ಇಳಿಸದೆ ಟ್ರೇಲರಿಗೆ ಒಂದು ಸುತ್ತು ಬಂದರು, ಕೊಯ್ದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೂತಿಗೆ ಬಣ್ಣ ಬಳಿಯುತ್ತಿದ್ದ ಮುಸೆಕಿವಾ ಅವರನ್ನು ಕಂಡದ್ದೇ ಕಣಜದ ಆಚೆ ಸರಿದು ಕುಕ್ಕರಿಸಿದ.

"ಶುವಾಯಿ ಅಪ್ಪ," ಎಂದರು ಅತ್ತೆ, ಮಾವನಿಗೆ. "ನನ್ನ ಹಸು ಎಲ್ಲಿ?"

"ಯಾವ ಹಸು? ದೂರದಿಂದ ಬಂದಿದ್ದೀಯ, ಮೊದ್ಲು ನೀರು ಕುಡಿ."

"ನೀರು ಇರ್ಲಿ. ಹಸು ಕೊಯ್ದಿದ್ದೀರಲ್ಲ, ಮಾಂಸ ಎಲ್ಲಿಟ್ಟಿದ್ದೀರಿ?"

"ಇದು ನನ್ನ ವ್ಯಾನು, ಚಿಹೇರಾ." ಮಾವನಿಗೆ ಪುಸಲಾಯಿಸಬೇಕಾದಾಗ ಮಾತ್ರ ಅತ್ತೆಯ ಕುಲದ ಹೆಸರು ನಾಲಿಗೆಗೆ ಬರುತ್ತಿತ್ತು.

"ನೀವು ಡ್ರೈವರು. ವ್ಯಾನು ನಂದು."

ಆಮೇಲೆ ಅತ್ತೆ ಎಲ್ಲವನ್ನೂ ಬಿಚ್ಚಿದರು, ಬೇಲಿಯಾಚೆಯವರಿಗೂ ಕೇಳಿಸುವ ಹಾಗೆ. ಶುವಾಯಿಯ ಮದುವೆಯಲ್ಲಿ ಮುಸೆಕಿವಾ ಕೊಟ್ಟ ದನಗಳಲ್ಲಿ ಒಂದು ತಾಯಿಯ ಹಸು. ಹೆತ್ತವಳಿಗೆಂದು ಕೊಟ್ಟದ್ದು, ಅದರ ಮೇಲೆ, ಅದರ ಕರುಗಳ ಮೇಲೆ ಗಂಡನಿಗೆ ಮಾತಿಲ್ಲ. ಅದನ್ನು ಕಾಯುವವರು ಅವಳ ತವರಿನ ಸತ್ತ ಹಿರಿಯರು. ಮಾವನಿಗೆ ವ್ಯಾನಿನ ಹುಚ್ಚು ಹಿಡಿದಾಗ ಆ ಹಸುವನ್ನೂ ಕರುಗಳನ್ನೂ ಮಾರಿ ವ್ಯಾನು ತಂದಿದ್ದರು. ಅತ್ತೆ ಒಪ್ಪಿದ್ದು ಒಂದು ಮಾತಿನ ಮೇಲೆ. ವ್ಯಾನು ಹಳೆಯದಾದ ದಿನ ಇಡಿಯಾಗಿ ಮಾರಿ ದೊಡ್ಡಿಗೆ ಒಂದು ಕಡಸು ತಂದು ಕಟ್ಟುತ್ತೇನೆ ಎಂದು ಮಾವ ಅತ್ತೆಯ ತಮ್ಮ ಫಿಲೆಮೋನನ ಮುಂದೆ ಕೂತು ಹೇಳಿದ್ದರು. ಈಗ ಕೊಟ್ವಾ ಊರಿನವನೊಬ್ಬ ಬೇರೆ ಎಂಜಿನ್ ಕೂರಿಸಿ ಓಡಿಸಲು ಇಡೀ ವ್ಯಾನು ಬೇಕೆಂದಿದ್ದ. ಬದಲಿಗೆ ಒಂದು ಕೆಂದು ಕಡಸು ಕೊಡುವವನಿದ್ದ. ಅತ್ತೆ ಮಾತು ಮುಗಿಸಿಕೊಂಡೇ ಸಾವಿನ ಮನೆಗೆ ಹೋಗಿದ್ದರು.

"ನಮಗ್ಯಾಕೆ ಹೇಳ್ಲಿಲ್ಲ ಅಮ್ಮ?" ಎಂದ ತಫಾರಾ.

"ನನ್ನ ಹಸು ಮಾತು ನಾನ್ಯಾಕೋ ಊರಿಗೆಲ್ಲ ಡಂಗುರ ಹೊಡೀಲಿ? ನಿಮ್ಮಪ್ಪಂಗೆ ಗೊತ್ತಿತ್ತು. ಕೇಳು."

ಮಾವ ಚಪ್ಪಲಿ ಮೆಟ್ಟಿ ಅಂಗಡಿ ಕಡೆ ಹೋದರು. ಕಣಜದ ಹಿಂದೆ ಮುಸೆಕಿವಾ ಬೂದಿ ಬಳಿದವನಂತೆ ಕೂತಿದ್ದ. ತಾನು ಕೊಟ್ಟ ಹಸು ವ್ಯಾನಾಗಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಅತ್ತೆಗೆ ತಾನು ತಪ್ಪು ಒಪ್ಪಿಕೊಂಡೆನೆಂದು ಹೇಳು ಎಂದು ನನ್ನನ್ನು ಕೇಳಿಕೊಂಡ. ನಾನು ಹೋಗಿ ಹೇಳಿದೆ.

"ಕೈ ಅವಂದು, ಬಾಯಿ ಅವನ ಮಾವಂದು ಅಂತ ಹೇಳು," ಎಂದರು ಅತ್ತೆ. "ಕೈ ಮೇಲೆ ನನಗೆ ಕೋಪ ಇಲ್ಲ."

ಮರುದಿನ ಬೆಳಿಗ್ಗೆ ಅಡುಗೆ ಗುಡಿಸಲಿಗೆ ಬೀಗ ಬಿದ್ದಿತ್ತು. ಮಡಕೆ, ಪಾತ್ರೆ, ಜೋಳದ ಹಿಟ್ಟಿನ ಮುದ್ದೆ ಸಾಡ್ಜಾ ತಿರುವುವ ಕೋಲು, ಎಲ್ಲ ಒಳಗೆ. ಅವೆಲ್ಲ ಅತ್ತೆಯ ಸ್ವಂತ ಸಂಪಾದನೆ. ಗುಡಿಸಲು ಮಾವ ಕಟ್ಟಿಸಿದ್ದಾದರೂ ಒಳಗಿನ ಒಂದು ಚಮಚದ ಮೇಲೂ ಅವರಿಗೆ ಅಧಿಕಾರವಿಲ್ಲ. ಕೀಲಿ ಅತ್ತೆಯ ಸೊಂಟದಲ್ಲಿ. ನಾನು ಮದುವೆಯಾಗಿ ಬರುವಾಗ ನನ್ನಮ್ಮ ಕೊಟ್ಟ ಒಂದು ಪಾತ್ರೆ ನನ್ನ ಕೋಣೆಯಲ್ಲಿತ್ತು. ಅಂಗಳದಲ್ಲಿ ಮೂರು ಕಲ್ಲಿಟ್ಟು, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ಮರದ ತುಂಡೊಂದರಿಂದ ಸಾಡ್ಜಾ ತಿರುವಿದೆ. ಅತ್ತೆ ಮಾತ್ರ ಒಳಗೆ ತಮಗೆ ಬೇಕಾದಷ್ಟು ಕಡಲೆಕಾಯಿ ರುಬ್ಬಿ ಹಾಕಿದ ಸೊಪ್ಪು ಮಾಡಿಕೊಂಡು ಉಂಡರು. ಅದರ ವಾಸನೆ ಗಂಡಸರ ಮೂಗಿಗೆ ಹೊಡೆಯಲೆಂದೇ ಬಾಗಿಲು ತೆರೆದಿಟ್ಟಿದ್ದರು ಎಂದು ನನ್ನ ಅನುಮಾನ.

ಮಾವ ಮೊದಲ ತುತ್ತಿಗೇ ಮುಖ ಸಿಂಡರಿಸಿದರು. ಗಂಟುಗಂಟಾಗಿದೆ, ಹೊಗೆ ವಾಸನೆ ಎಂದರು.

"ಕೀಲಿ ತಂದುಕೊಡಿ ಮಾವ, ನುಣ್ಣಗೆ ತಿರುವಿ ಕೊಡ್ತೀನಿ," ಎಂದು ಮಂಡಿಯೂರಿಯೇ ಹೇಳಿದೆ. ಮಂಡಿಯೂರಿ ಹೇಳಿದರೆ ಸೊಸೆ ಎಂಥ ಮಾತನ್ನೂ ಹೇಳಬಹುದು.

ಆ ವಾರವೆಲ್ಲ ಹೀಗೆ ಹೋಯಿತು. ಮಾವ ಅಂಗಡಿಯಲ್ಲಿ ಬ್ರೆಡ್ಡು, ಚಹಾದ ಮೇಲೆ ದಿನ ತಳ್ಳಿದರು. ತಫಾರಾ ತೋಟದಲ್ಲಿ ಜೋಳದ ತೆನೆ ಸುಟ್ಟುಕೊಂಡು ತಿಂದ. ಟೊಮೇಟೊ ಕೆಂಪಾಗುತ್ತ ಬಂತು. ಒಂದು ಮಧ್ಯಾಹ್ನ ಅವನು ತೋಟದಿಂದ ಬಂದವನೇ ತಾಯಿಯ ಮೇಲೆ ಹಾರಿಬಿದ್ದ. ಇಲ್ಲದ ಹಸುವಿಗಾಗಿ ಇರುವ ಬೆಳೆಯನ್ನು ಕೊಲ್ಲುತ್ತಿದ್ದೀಯ, ಟ್ರೇಲರ್ ಓಡಲಿ, ದುಡಿದ ದುಡ್ಡಿನಲ್ಲಿ ಹಸು ತಂದರಾಯಿತು ಎಂದ. ನಿಮ್ಮಪ್ಪನೂ ವ್ಯಾನು ತರುವಾಗ ಇದೇ ಮಾತು ಹೇಳಿದ್ದ ಎಂದರು ಅತ್ತೆ.

"ಒಂದು ಹಸು ಅಮ್ಮಾ. ಒಂದು ಹಸುಗೆ ಮನೆ ಮುರೀತೀಯಲ್ಲ."

"ನೀನು ಹಸು ಮಾತು ಆಡ್ಬೇಡ ಕಣೋ. ಇವಳನ್ನ ಕರ್ಕೊಂಡು ಬಂದು ಎಷ್ಟು ಮಳೆಗಾಲ ಆಯ್ತು? ಇವಳ ತಾಯಿಗೆ ಹಸು ಕೊಟ್ಟಿದ್ದೀಯಾ?"

ನಾನು ಒಗೆಯುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತೆ. ಈ ಮನೆಯಲ್ಲಿ ನನ್ನಮ್ಮನ ಹಸುವಿನ ಮಾತು ಯಾರ ಬಾಯಲ್ಲಾದರೂ ಬಂದದ್ದು ಅದೇ ಮೊದಲು. ಮದುವೆಯ ದಿನ "ಮುಂದಿನ ಬೆಳೆಗೆ" ಎಂದವರು ಆಮೇಲೆ ಸದ್ದೇ ಎತ್ತಿರಲಿಲ್ಲ. ನನಗೆ ಎಷ್ಟು ಹಿತವಾಯಿತೆಂದರೆ ಅತ್ತೆಯ ಕಾಲು ಹಿಡಿಯೋಣವೆನಿಸಿತು. ಆದರೆ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಗನಿಗೆ ಹೊಡೆಯಲು ಕೈಗೆ ಸಿಕ್ಕ ಕೋಲು ಅಷ್ಟೇ ಅದು.

ಟೊಮೇಟೊ ಇನ್ನು ಕಾಯುವಂತಿರಲಿಲ್ಲ. ಸೋಮವಾರದ ಸಂತೆಗೆಂದು ಭಾನುವಾರ ಬೆಳಿಗ್ಗೆಯಿಂದ ಕಿತ್ತು, ಪೆಟ್ಟಿಗೆಗೆ ತುಂಬಿ, ಟ್ರೇಲರಿಗೆ ಹೇರಿದೆವು. ಮುಸೆಕಿವಾ ಪಿಕಪ್ ತಂದು ಹಿಂದಕ್ಕೆ ಹಾಕುತ್ತಿದ್ದ. ಆಗ ಅತ್ತೆ ಅಡುಗೆ ಗುಡಿಸಲಿನಿಂದ ಹೊರಬಂದರು. ಕಂಕುಳಲ್ಲಿ ಚಾಪೆ, ತಲೆಯ ಮೇಲೆ ಒಂದು ಮೊರ ಕಡಲೆಕಾಯಿ. ಚಕ್ರದ ಮೇಲೆ ಕಾಲಿಟ್ಟು, ಜಾಲರಿ ಹಿಡಿದು ಟ್ರೇಲರ್ ಹತ್ತಿದರು. ಪೆಟ್ಟಿಗೆಗಳ ನಡುವೆ ಚಾಪೆ ಹಾಸಿ ಕಾಲು ನೀಡಿ ಕೂತು ಕಡಲೆಕಾಯಿ ಸುಲಿಯತೊಡಗಿದರು.

ಮುಸೆಕಿವಾ ಕನ್ನಡಿಯಲ್ಲಿ ನೋಡಿದ. ಪಿಕಪ್ ಆಫ್ ಮಾಡಿದ. ಕೆಳಗಿಳಿದು, ಇಪ್ಪತ್ತು ಹೆಜ್ಜೆ ದೂರದಲ್ಲಿ ಕುಕ್ಕರಿಸಿ, ನೆಲ ನೋಡುತ್ತ ಅಂಗೈ ತಟ್ಟಿದ. ಆಮೇಲೆ ಎದ್ದು ಪಿಕಪ್ ಹತ್ತಿ ಮನೆಗೆ ಹೋದ. ಹೆಣ್ಣು ಕೊಟ್ಟ ಅತ್ತೆ ಕೂತ ಗಾಡಿಯನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಎಳೆದುಕೊಂಡು ಹೋದ ಅಳಿಯ ಮುಟೊಕೊದಲ್ಲಿ ಮತ್ತೆ ತಲೆಯೆತ್ತಿ ತಿರುಗುವುದುಂಟೇ?

ಮಾವ ಇಳಿ ಎಂದು ಗದರಿದರು. ನನ್ನ ಹಸುವಿನ ಬೆನ್ನ ಮೇಲೆ ನಾನು ಕೂತಿದ್ದೇನೆ, ನಿಮಗೇನು ಎಂದು ಉತ್ತರ ಬಂತು. ಎಳೆದು ಇಳಿಸು ಎಂದು ಮಗನಿಗೆ ಹೇಳಿದರು. ತಫಾರಾ ಜಾಲರಿಯವರೆಗೆ ಹೋದ, ಅಲ್ಲೇ ನಿಂತ. ಹೆತ್ತವಳ ಮೇಲೆ ಕೈ ಮಾಡಿದವನ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಅವಳು ಸತ್ತ ಮೇಲೆ ಗೋಣಿಚೀಲ ಉಟ್ಟು, ಮೈಗೆ ಬೂದಿ ಬಳಿದುಕೊಂಡು, ಮನೆಮನೆಯಲ್ಲಿ ಬೈಸಿಕೊಳ್ಳುತ್ತ ಧಾನ್ಯ ಬೇಡಬೇಕು. ಹಾಗೆ ಬೇಡಿದವನೊಬ್ಬನನ್ನು ಹುಡುಗನಾಗಿದ್ದಾಗ ಅವನೇ ನೋಡಿದ್ದ.

ಅತ್ತೆ ದಿನವೂ ಅಲ್ಲೇ ಕೂತರು. ಬೆಳಿಗ್ಗೆ ಹತ್ತಿದರೆ ಕತ್ತಲಾದ ಮೇಲೆ ಇಳಿಯುತ್ತಿದ್ದರು. ಸುತ್ತ ಟೊಮೇಟೊ ಕೊಳೆಯಿತು. ಕೆಳಗಿನ ಪೆಟ್ಟಿಗೆಗಳಿಂದ ರಸ ಇಳಿದು ಟೈರುಗಳ ಮೇಲೆ ನೊಣ ಮುತ್ತಿದವು. ಅದರಲ್ಲಿ ಅವರ ತೋಟದ್ದೂ ಇತ್ತು, ಅದಕ್ಕೂ ಅವರು ಜಗ್ಗಲಿಲ್ಲ. ನನಗೆ ಅವರನ್ನು ಕಂಡರೆ ಮೈ ಉರಿಯುತ್ತಿತ್ತು. ಹೊಳೆಯಿಂದ ನೀರು ಹೊತ್ತು ನನ್ನ ಕತ್ತು ಒಂದು ಗೇಣು ಕುಗ್ಗಿದೆ, ಆ ನೀರೆಲ್ಲ ಕೆಂಪಾಗಿ ನನ್ನ ಕಣ್ಣೆದುರೇ ಮಣ್ಣಿಗೆ ಇಳಿಯುತ್ತಿತ್ತು.

ಗಂಡಸರು ಸೋತು ಶುವಾಯಿಯನ್ನು ಕರೆಸಿದರು. ಅವಳು ತುಂಬು ಬಸುರಿ, ಬಿಸಿಲಲ್ಲಿ ಏದುಸಿರು ಬಿಡುತ್ತ ಬಂದು ಟ್ರೇಲರಿನ ನೆರಳಲ್ಲಿ ನಿಂತು ತಾಯಿಗೆ ಚೆನ್ನಾಗಿ ಬೈದಳು. ಶೆಡ್ಡಿಗೆ ಬರುವವರೆಲ್ಲ ಅತ್ತೆಯನ್ನು ಕೊಯ್ದವನು ಎಂದು ತನ್ನ ಗಂಡನನ್ನು ಆಡಿಕೊಳ್ಳುತ್ತಿದ್ದಾರೆ, ಅವನು ಊಟ ಬಿಟ್ಟಿದ್ದಾನೆ, ಇದೆಲ್ಲ ಯಾರ ಸುಖಕ್ಕೆ ಎಂದಳು.

"ನಿನ್ನ ಸುಖಕ್ಕೆ ಕಣೇ," ಎಂದರು ಅತ್ತೆ. "ಹಸು ದೊಡ್ಡೀಲಿದ್ದಾಗ ನಿನ್ನ ಮೊದಲನೇದು ಹುಟ್ತು. ಹಸು ಹೋದ್ಮೇಲೆ ಎರಡು ಹೋದ್ವು. ಇದು ಆಮೇಲಿನ ಮೂರನೇ ಬಸುರು. ನನ್ನ ಹಸು ಇಲ್ಲದ ದೊಡ್ಡಿ ಇಟ್ಕೊಂಡು ನಿನ್ನನ್ನ ಹೆರಿಗೆಗೆ ಕಳಿಸ್ಲಾ?"

"ಆಸ್ಪತ್ರೇಲಿ ಡಾಕ್ಟರು ರಕ್ತ ಕಮ್ಮಿ ಅಂದ್ರು ಅಮ್ಮ, ಹಸು ಕಮ್ಮಿ ಅನ್ಲಿಲ್ಲ."

"ಡಾಕ್ಟರಿಗೆ ನನ್ನ ಅಜ್ಜಿ ಪರಿಚಯ ಇಲ್ಲ."

"ಹಾಗಿದ್ರೆ ಅವತ್ತು ಮಾರೋಕೆ ಯಾಕೆ ಒಪ್ಪಿದೆ? ನೀನೇ ತಾನೇ ಹಗ್ಗ ಬಿಚ್ಚಿ ಕೊಟ್ಟಿದ್ದು?"

ಅತ್ತೆಯ ಕೈ ನಿಂತಿತು. ಅಷ್ಟು ದಿನ ಯಾರು ಏನೇ ಅಂದರೂ ಕಡಲೆಕಾಯಿ ಸುಲಿಯುವುದು ನಿಲ್ಲಿಸದ ಕೈ ಅದು. "ಹೌದು, ನಾನೇ ಬಿಚ್ಚಿಕೊಟ್ಟೆ. ಅದಕ್ಕೇ ಇಲ್ಲಿ ಕೂತಿದ್ದೀನಿ," ಎಂದರು. ಶುವಾಯಿ ಅಳುತ್ತ ಹೋದಳು. ಅವಳಿಗೆ ನೀರು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಕೂಡ.

ಕೊನೆಗೆ ಬುಹೇರಾದಿಂದ ಅತ್ತೆಯ ತಮ್ಮ ಫಿಲೆಮೋನ್ ಬಂದರು. ಅತ್ತೆಯೇ ಹೇಳಿ ಕಳಿಸಿದ್ದರು, ಮಾವ ಮಾತು ಕೊಟ್ಟದ್ದಕ್ಕೆ ಸಾಕ್ಷಿ ಅವರೇ ಅಲ್ಲವೇ? ಗಂಡಸರು ಮಾವಿನ ಮರದ ಕೆಳಗೆ ಕೂತರು. ಮಾವ ಒಂದು ದೊಡ್ಡ ಮಡಕೆ ಬಿಯರ್ ತರಿಸಿದ್ದರು, ಒಂದು ಹುಂಜವನ್ನೂ ಕೊಯ್ಯಿಸಿದ್ದರು. ಬೇಯಿಸಿದವಳು ನಾನು, ಆದ್ದರಿಂದ ಎಲ್ಲವೂ ಕಿವಿಗೆ ಬಿತ್ತು. ಫಿಲೆಮೋನ್ ಮೊದಮೊದಲು ಗಂಭೀರವಾಗಿ, ಹಿರಿಯರು ಸುಮ್ಮನಿರುವುದಿಲ್ಲ, ಹಸು ಬರಲೇಬೇಕು ಎಂದರು. ಮಡಕೆ ಅರ್ಧವಾಗುವಷ್ಟರಲ್ಲಿ ಈ ವರ್ಷ ಎಲ್ಲರಿಗೂ ಕಷ್ಟ ಎಂದರು. ಮಾವನ ದೊಡ್ಡಿಯಲ್ಲಿ ಉಳುವ ಎತ್ತುಗಳ ಜೊತೆ ಒಂದು ಹಸುವೂ ಇತ್ತು. ಅದನ್ನು ಕೊಟ್ಟುಬಿಡಿ ಎಂದು ಯಾರೂ ಹೇಳಲಿಲ್ಲ. ಹುಂಜದ ಕಾಲುಗಳು ಖಾಲಿಯಾಗುವ ಹೊತ್ತಿಗೆ ಟ್ರೇಲರ್ ದುಡಿಯಲಿ, ಮುಂದಿನ ಬೆಳೆಯಾದ ಮೇಲೆ ಹಸು ಬರಲಿ ಎಂದು ತೀರ್ಮಾನವಾಯಿತು. ಇಬ್ಬರೂ ಕೈ ಕುಲುಕಿದರು.

ಫಿಲೆಮೋನ್ ಹೋಗಿ ಅಕ್ಕನಿಗೆ ಅದನ್ನು ಹೇಳಿದರು.

"ಹುಂಜ ಚೆನ್ನಾಗಿತ್ತಾ?" ಎಂದರು ಅತ್ತೆ. ಚಾಪೆ ಸುತ್ತಿಕೊಂಡು ಟ್ರೇಲರಿನಿಂದ ಇಳಿದು ಹೋದರು.

ಗೆದ್ದೆವೆಂದು ಗಂಡಸರು ತಿಳಿದರು. ನಾನು ಕೊಳೆತದ್ದನ್ನೆಲ್ಲ ಬಾಚಿ ಟ್ರೇಲರ್ ತೊಳೆದೆ. ಎರಡನೇ ಕೊಯ್ಲಿನ ಟೊಮೇಟೊ ಹೇರಿದೆವು. ಮೂಲೆಯಲ್ಲಿ ಜಾಗ ಉಳಿದಿತ್ತು, ಪಕ್ಕದ ಕತ್ಸಾಂಡೆಯವರು ಬಾಡಿಗೆ ಕೊಟ್ಟು ತಮ್ಮ ಪೆಟ್ಟಿಗೆಗಳನ್ನೂ ಇಟ್ಟರು. ಕತ್ಸಾಂಡೆ ಎಂದರೆ ಚರ್ಚಿನ ಹಿರಿಯರು, ನಮ್ಮ ಮೂರರಷ್ಟು ತೋಟದವರು, ಗಟ್ಟಿಯಾದ ಪಿಕಪ್ಪೂ ಇದೆ. ಮುಸೆಕಿವಾ ಹುಷಾರಾಗಿ ಓಡಿಸಿದ. ಟ್ರೇಲರ್ ಒಂದು ಚೂರೂ ತೂಗಾಡದೆ ಎಂಬಾರೆಗೆ ಹೋಗಿ ಬಂತು. ತಫಾರಾ ಜೇಬು ತಟ್ಟಿಕೊಳ್ಳುತ್ತ ಇಳಿದ, ಮಾಂಸ ತಂದಿದ್ದ, ನನಗೊಂದು ತಲೆವಸ್ತ್ರ. ನನ್ನಮ್ಮನ ಹಸುವಿಗೆಂದು ಏನಾದರೂ ತೆಗೆದಿಡೋಣವೇ ಎಂದು ನಾನು ಮೆಲ್ಲಗೆ ಕೇಳಿದೆ. ಈಗಷ್ಟೇ ಒಂದು ಹಸುವಿನ ಕಾಟ ಮುಗಿದಿದೆ, ನೀನೊಂದು ಶುರು ಮಾಡಬೇಡ ಎಂದು ನಕ್ಕ.

ಎರಡು ದಿನದ ಬಳಿಕ ಮಾವ ಬಿಯರ್ ಹಾಲ್‌ಗೆ ಹೋಗಿದ್ದರು, ತಫಾರಾ ಔಷಧಿ ಹೊಡೆಯಲು ತೋಟಕ್ಕೆ ಹೋಗಿದ್ದ. ಫಿಲೆಮೋನ್ ಇನ್ನೂ ನಮ್ಮಲ್ಲೇ ಇದ್ದರು, ಮರದ ಕೆಳಗೆ ತೂಕಡಿಸುತ್ತಿದ್ದರು. ಕತ್ಸಾಂಡೆಯವರ ಪಿಕಪ್ ನಮ್ಮ ಅಂಗಳಕ್ಕೆ ಬಂದು ಟ್ರೇಲರಿನ ಮುಂದೆ ಹಿಮ್ಮುಖವಾಗಿ ನಿಂತಿತು. ಪಿಕಪ್ಪಿನ ಹಿಂದೆ ಅವರ ಆಳು ಒಂದು ಕಡಸು ಹೊಡೆದುಕೊಂಡು ಬಂದ. ಬಿಳಿ ಹೊಟ್ಟೆಯ ಕಪ್ಪು ಕಡಸು, ಕೊಂಬು ಆಗತಾನೆ ಮೂಡಿತ್ತು. ಅತ್ತೆ ತಮ್ಮನನ್ನು ಭುಜ ಹಿಡಿದು ಎಬ್ಬಿಸಿದರು.

"ಏಳು. ಮೊನ್ನೆ ಅವರಿಗೆ ಸಾಕ್ಷಿ ಕೂತಿದ್ದೆ. ಇವತ್ತು ನನಗೆ ಕೂರು."

ಕತ್ಸಾಂಡೆಯವರು ಹಿಂಜರಿಯುತ್ತಿದ್ದರು. ಜೈರೋಸಿಗೆ, ಎಂದರೆ ನಮ್ಮ ಮಾವನಿಗೆ, ಗೊತ್ತೇ ಎಂದು ಕೇಳಿದರು. ತಾಯಿಯ ಹಸುವಿನ ವ್ಯವಹಾರಕ್ಕೆ ಗಂಡನ ಮಾತು ಯಾವಾಗಿನಿಂದ ಬೇಕಾಯಿತು, ತವರಿನವನು ಇಲ್ಲೇ ಇದ್ದಾನೆ, ಕೇಳಿಕೊಳ್ಳಿ ಎಂದರು ಅತ್ತೆ. ಫಿಲೆಮೋನ್ ಅಕ್ಕನನ್ನು ನೋಡಿದರು, ಕಡಸನ್ನು ನೋಡಿದರು, ಕೊನೆಗೆ ಹೌದೆಂದು ತಲೆಯಾಡಿಸಿದರು. ವ್ಯಾನಾಗಿದ್ದಾಗ ಅದಕ್ಕೆ ಬೆಲೆ ಕಟ್ಟಿದವನು ಕೊಟ್ವಾದ ಒಬ್ಬನೇ. ಟ್ರೇಲರಾದ ಮೇಲೆ ಟೊಮೇಟೊ ಬೆಳೆಯುವ ಇಡೀ ಮುಟೊಕೊಗೇ ಅದು ಬೇಕು. ಅತ್ತೆ ಅದರಲ್ಲಿ ಕೂತಷ್ಟು ದಿನ ಬರೀ ಕಡಲೆಕಾಯಿ ಸುಲಿದಿರಲಿಲ್ಲ.

"ನೆತ್ಸಾಯಿ, ಬಾ," ಎಂದು ನನ್ನನ್ನು ಕರೆದರು. "ಮೂತಿ ಎತ್ತಿ ಹಿಡಿ."

ಮೂತಿ ಎತ್ತಿ ಕೊಕ್ಕೆಗೆ ಹಾಕದೆ ಟ್ರೇಲರ್ ಹೋಗುವುದಿಲ್ಲ. ಅತ್ತೆಗೆ ಸೊಂಟ ನೋವು, ಫಿಲೆಮೋನ್ ದೂರ ನಿಂತಿದ್ದರು. ತೋಟದಲ್ಲಿ ಮೂರನೇ ಕೊಯ್ಲು ಬಾಕಿಯಿತ್ತು, ಮತ್ತೆ ಲಾರಿಯವರ ಕಾಲು ಹಿಡಿಯಬೇಕು, ಮತ್ತೆ ಪೆಟ್ಟಿಗೆಗಳು ರಸ್ತೆ ಬದಿಗೆ. ಎಲ್ಲ ನನಗೆ ಗೊತ್ತಿತ್ತು. ಕೈ ಒರೆಸಿಕೊಂಡು ಹೋಗಿ ಮೂತಿ ಎತ್ತಿ ಹಿಡಿದೆ. ಕತ್ಸಾಂಡೆಯವರು ಕೊಕ್ಕೆಗೆ ಹಾಕಿ ಪಿನ್ನು ತಳ್ಳಿದರು. ಅವರು ಪಿಕಪ್ ಹತ್ತುವಾಗ ಕಿಟಕಿಯ ಬಳಿ ಹೋಗಿ ಅವರೊಡನೆ ಒಂದೆರಡು ಮಾತಾಡಿದೆ. ಅತ್ತೆ ಅಷ್ಟರಲ್ಲಿ ಕಡಸನ್ನು ದೊಡ್ಡಿಗೆ ಹೊಡೆಯುತ್ತಿದ್ದರು.

ತಫಾರಾ ಬಂದಾಗ ಅಂಗಳದಲ್ಲಿ ಚಕ್ರದ ಗುರುತುಗಳಿದ್ದವು, ಅಷ್ಟೇ. ಅವನು ಔಷಧಿ ಡಬ್ಬವನ್ನು ಎತ್ತಿ ನೆಲಕ್ಕೆ ಬಡಿದ. ಮಾವ ಬಿಯರ್ ಹಾಲ್‌ನಿಂದ ಓಡೋಡಿ ಬಂದರು, ಸುದ್ದಿ ಅಲ್ಲಿಗೆ ಮೊದಲೇ ಮುಟ್ಟಿತ್ತು. ಕತ್ಸಾಂಡೆಯ ಮನೆಗೆ ಹೋಗಿ ಟ್ರೇಲರ್ ಎಳೆದು ತರುತ್ತೇನೆ, ಅವನ ಕಡಸನ್ನು ಅವನ ಮುಖಕ್ಕೆ ಬಿಸಾಡುತ್ತೇನೆ ಎಂದು ಕೂಗಾಡುತ್ತ ದೊಡ್ಡಿಯ ಬಾಗಿಲಿಗೆ ಹೋದರು. ಕಡಸು ಎತ್ತುಗಳ ನಡುವೆ ನಿಂತು ಹುಲ್ಲು ಮೇಯುತ್ತಿತ್ತು. ಫಿಲೆಮೋನ್, ಮೆತ್ತಗೆ, ಅದು ಈಗ ದೊಡ್ಡಿಯೊಳಗೆ ಬಂದಾಯಿತು ಭಾವ, ನಾನು ಹಿರಿಯರ ಹೆಸರು ಹೇಳಿ ಒಳಗೆ ಬಿಟ್ಟಿದ್ದೇನೆ, ಇನ್ನು ಅಟ್ಟುವುದಾದರೆ ನೀವೇ ಅಟ್ಟಿ ಎಂದರು. ಮಾವ ಬಾಗಿಲ ಅಡ್ಡಮರಕ್ಕೆ ಕೈ ಹಾಕಿ ನಿಂತರು. ಮಗಳು ತುಂಬು ಬಸುರಿ. ಅಡ್ಡಮರ ಸರಿಸಲು ಆಗಲಿಲ್ಲ ಅವರಿಂದ.

ಸಂಜೆ ಅಡುಗೆ ಗುಡಿಸಲಿನ ಬೀಗ ತೆಗೆದಿತ್ತು. ಅತ್ತೆ ತಾವೇ ಸಾಡ್ಜಾ ತಿರುವಿದರು, ಒಂದು ಗಂಟೂ ಇಲ್ಲದ ಹಾಗೆ. ನಾನು ತಟ್ಟೆಗಳನ್ನು ಹೊತ್ತು ಬಂದು ಮಂಡಿಯೂರಿ ಗಂಡಸರ ಮುಂದಿಟ್ಟೆ. ಮಾವ ಹಸಿವಿಗೆ ಸೋತು ಕೈ ಹಾಕಿದರು. ತಫಾರಾ ಮುಟ್ಟಲಿಲ್ಲ.

"ಮೂತಿ ಎತ್ತಿದ್ದು ನೀನಂತೆ."

"ಹೂಂ."

"ಮೂರನೇ ಕೊಯ್ಲು ಏನು ತಲೆ ಮೇಲೆ ಹೊತ್ಕೊಂಡು ಹೋಗ್ತೀಯಾ? ನನ್ನ ಹೆಂಡ್ತಿನೋ, ಅಮ್ಮನ ಕೂಲಿಯವಳೋ ನೀನು?"

"ಅದು ಗೊತ್ತಾಗ್ಬೇಕು ಅಂದ್ರೆ ನಮ್ಮಮ್ಮನ ಹಸು ಕೊಡಿ," ಎಂದೆ. ಮಂಡಿ ಇನ್ನೂ ನೆಲದ ಮೇಲೇ ಇತ್ತು. "ಅಲ್ಲಿವರೆಗೂ ನಾನು ಪೂರ್ತಿ ಹೆಂಡ್ತಿ ಹೆಂಗಾಗ್ತೀನಿ?"

ತಫಾರಾ ತಾಯಿಯ ಕಡೆ ನೋಡಿದ. ಅತ್ತೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಈ ಒಂದು ಮಾತಿಗಾದರೂ ಅವರು ನನ್ನ ಪಕ್ಕ ನಿಲ್ಲುತ್ತಾರೆಂದು ನಂಬಿದ್ದೆ, ಸುಳ್ಳು ಯಾಕೆ ಹೇಳಲಿ.

"ಅವನು ಬಿಸಿಲಲ್ಲಿ ದುಡಿದು ಬಂದಿದ್ದಾನೆ, ಮೊದ್ಲು ಊಟ ಮಾಡೋಕೆ ಬಿಡು," ಎಂದರು. "ಬೆಳೆ ಕೊಳೀತಾ ಇರೋ ಹೊತ್ತಲ್ಲಿ ಹಸು ಅಂತೆ ಹಸು. ನಿನ್ನಮ್ಮನಿಗೆ ಬೇಕಿದ್ರೆ ಅವಳೇ ಬಂದು ಕೇಳ್ಲಿ."

"ಬರ್ತಾರೆ ಅತ್ತೆ," ಎಂದೆ. "ನಮ್ಮ ತವರ ಕಡೆ ಹೋಗೋ ಕತ್ಸಾಂಡೆಯವರ ಪಿಕಪ್ಪಲ್ಲಿ ಹೇಳಿ ಕಳಿಸಿದ್ದೀನಿ. ಚಾಪೆ ತಗೊಂಡು ಬಾ ಅಂದಿದ್ದೀನಿ."

ತಫಾರಾ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ನಾನು ಎದ್ದು ಕೈ ತೊಳೆಯುವ ನೀರು ತರಲು ಹೋದೆ.